ಜೇಬಿನ ಲೆಕ್ಕ

ನಾನು ಬರೆದ ಮೊದಲ ಸಾಲು:
ಇವತ್ತು ನಲವತ್ತೆರಡು.
ಎರಡನೆಯದು:
ಅವರು ಬರಕೊಂಡಿದ್ದು ಮೂವತ್ತೆಂಟು.

ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿಗೆ,
ಅಮಾವಾಸ್ಯೆಯ ಕಪ್ಪು ಬೊಟ್ಟು
ಈಚೆಗೂ ಕಾಣುವಷ್ಟು ತೆಳು ಹಾಳೆ,
ಮಗಳು ಬಿಸಾಕಿದ ಮೋಟು ಪೆನ್ಸಿಲ್ಲು.

ಕೌಲ್‌ಬಜಾರಿನ ಓಣಿಯೊಳಗೆ ನಮ್ಮ ಯೂನಿಟ್ಟು.
ಹದಿನಾಲ್ಕು ಮಷೀನು, ಒಂದು ಫ್ಯಾನು,
ಅದರ ಮುಖ ಮೇಸ್ತ್ರಿಯ ಕಡೆ.
ಮೇ ತಿಂಗಳ ಮಧ್ಯಾಹ್ನ
ಮೇಲಿನ ತಗಡು ಟಪಟಪ ಸಿಡಿಯುತ್ತದೆ.
ಹೊಸಬರು ಮಳೆ ಬಂತೆಂದು ತಲೆ ಎತ್ತುತ್ತಾರೆ.
ನಾವು ನಗುತ್ತೇವೆ, ಸೂಜಿಯಿಂದ ಕಣ್ಣು ತೆಗೆಯದೆ.

ನಾನು ಹೊಲಿಯುವುದು ಹಿಂದಿನ ಜೇಬು.
ಪಕ್ಕದ ಮಷೀನಿನ ಗಾದಿಲಿಂಗಪ್ಪನೂ ಹಿಂದಿನ ಜೇಬು.
ಅದೇ ನೀಲಿ, ಅದೇ ಹಳದಿ ದಾರದ ಎರಡು ಸಾಲು.
ಅವನಿಗೆ ಜೇಬಿಗೆ ಮೂರೂವರೆ,
ನನಗೆ ಎರಡೂ ಮುಕ್ಕಾಲು.
ಯಾಕೆ ಅಂದೆ.
ಮೇಸ್ತ್ರಿ ಎಲೆಗೆ ಸುಣ್ಣ ಸವರುತ್ತ,
'ಅವನಿಗೆ ಮನೆ ನಡೆಸೋದು ಐತಲ್ಲಮ್ಮ' ಅಂದ.

ಹಂಗಾದ್ರೆ ನನ್ನ ಮನೆ ಏನು ಕುಂತೈತಾ?

ಇದನ್ನು ನಾನು ಅಲ್ಲಿ ಅನ್ನಲಿಲ್ಲ.
ರಾತ್ರಿ ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಹೊಳೆಯಿತು.
ಮಾತು ನನಗೆ ಯಾವತ್ತೂ ತಡವಾಗಿ ಬರುತ್ತದೆ.
ಅದಕ್ಕೇ ಬರೆದಿಟ್ಟೆ,
ಇನ್ನೊಂದು ಸಲ ಹೊತ್ತಿಗೆ ಸರಿಯಾಗಿ ಸಿಗಲಿ ಅಂತ.

ಹುಲಿಗೆಮ್ಮ ನೋಡಿ, 'ನಂದೂ ಹಾಕವ್ವ' ಅಂದಳು.
ಮೂವತ್ತಾರು, ಮೂವತ್ತಮೂರು.
ಖಾಜಾಬಿ ಅಂದಳು:
'ಇವತ್ತು ನನ್ನ ಸೊಂಟ ನೋಯ್ತು, ಅದನ್ನೂ ಹಾಕು.'
ಅದು ಲೆಕ್ಕ ಅಲ್ಲಕ್ಕ, ಅಂದೆ.
'ಮತ್ತೇನು ಅದು?'
ಗೊತ್ತಾಗಲಿಲ್ಲ. ಹಾಕಿದೆ.
ಮೂವತ್ತೈದು, ಸೊಂಟ ನೋಯ್ತು.
ನಲವತ್ತು, ಕರೆಂಟು ಹೋದಾಗ ಬೀಬಮ್ಮ ಹಾಡಿದಳು.
ಹನ್ನೊಂದು, ಮಗುವಿಗೆ ಜ್ವರ, ಮನೆಗೆ ಹೋದೆ.

ಗುರುತಿನ ಕಾರ್ಡಿಗೆಂದು ಫೋಟೋ ತೆಗೆಯಲು
ಬ್ರೂಸ್‌ಪೇಟೆಯ ಸ್ಟುಡಿಯೋದಿಂದ ಎರ್ರಿಸ್ವಾಮಿ ಬಂದ.
ಗೋಡೆಗೆ ಬಿಳಿ ಪಂಚೆ ಹೊಡೆದು, ಸ್ಟೂಲಿಟ್ಟು,
'ಕೈ ಕೆಳಗಿಡಕ್ಕ, ಕೈ ಬರಂಗಿಲ್ಲ ಇದರಾಗ.'

ಕೈ ಬರಂಗಿಲ್ಲ.
ಬೆರಳ ಎರಡನೇ ಗೆಣ್ಣಿನವರೆಗೆ ನೀಲಿ,
ಸೋಪಿಗೂ ಹುಣಸೆಹುಳಿಗೂ ಬಿಡದ ನೀಲಿ,
ಮುದ್ದೆ ಮುರಿದರೆ ಮುದ್ದೆಗೂ ಹತ್ತುವುದು.
ದುಡಿದದ್ದು ಇವು, ಕಾರ್ಡಿಗೆ ಹೋಗುವುದು ಮೂಗು.
ಕೈಯದೊಂದು ಹೊಡಿ, ಅಂದೆ. ದುಡ್ಡು ನಾವೇ ಕೊಡ್ತೀವಿ.

ಅವನು ಲೆನ್ಸು ಒರೆಸುತ್ತ ನಿಂತ.
'ಹನ್ನೊಂದು ವರ್ಷ ಆತಕ್ಕ ನಾನು ಮದುವೆ ಫೋಟೋ ತೆಗೆದು.
ಮೂಲ್ಯಾಗ ಬಂಗಾರದಕ್ಷರದಾಗ
ಓನರ್ ಹೆಸರೇ ಇರ್ತೈತೆ.'
ಆಮೇಲೆ ಏನೂ ಹೇಳದೆ ಕುರ್ಚಿ ಹತ್ತಿದ.

ಕಟಿಂಗ್ ಟೇಬಲ್ಲಿನ ಮೇಲೆ ಒಂಬತ್ತು ಜೊತೆ ಕೈ.
ಕರೆಯದೆ ಬಂದು ಗಾದಿಲಿಂಗಪ್ಪ ಕೊನೆಗೆ ತನ್ನವನ್ನೂ ಇಟ್ಟ.
ಉಂಗುರದಿಂದ ಅವನ ಕೈ ಗುರುತು ಹಿಡಿಯಬಹುದು.
ನೀಲಿಯಿಂದ ಆಗುವುದಿಲ್ಲ.

ಫೋಟೋ, ಹಾಳೆ ಎರಡನ್ನೂ ಓನರ್ ಮುಂದಿಟ್ಟೆವು.
ಹಾಳೆ ಮುಟ್ಟಲಿಲ್ಲ.
ಫೋಟೋ ನೋಡಿ, 'ಚೆಂದ ಬಂದೈತೆ' ಅಂದರು.

ನಿನ್ನೆ ಬರೆದದ್ದು:
ನಲವತ್ತೊಂದು. ಅವರೂ ನಲವತ್ತೊಂದೇ ಬರಕೊಂಡರು.
ಎಣಿಸುವಾಗ ಮೇಸ್ತ್ರಿ
ಎರಡು ಸಲ ನನ್ನ ಪೆನ್ಸಿಲ್ ನೋಡಿದ.
ರೇಟು ಮಾತ್ರ ಅದೇ ಎರಡೂ ಮುಕ್ಕಾಲು.

ಸ್ಟುಡಿಯೋದ ಗಾಜಿನ ಹಿಂದೆ
ಎಲ್ಲರೂ ತೆಗೆಯುವ ಬೆಟ್ಟದ ಫೋಟೋ,
ಸಂಜೆಗೆ ಕೆಂಪಾದ ಬಂಡೆ, ಮೇಲೆ ಕೋಟೆ.
ಅದರ ಕೆಳಗೆ ನಮ್ಮ ಕೈ,
ಮೂಲೆಯಲ್ಲಿ ಸಣ್ಣಗೆ, ಬಾಲ್‌ಪೆನ್ನಿನಲ್ಲಿ, ಎರ್ರಿಸ್ವಾಮಿ.

ಮದುವೆ ಮನೆಯವರು ಯಾರೋ ಕೇಳಿದರಂತೆ:
ಇದು ಯಾವ ಹೊಸ ಮೆಹೆಂದಿ,
ಎಷ್ಟು ದಿನ ಉಳೀತೈತೆ?

ಏನು ಹೇಳಲಿ ಅಕ್ಕ, ಅಂತ ಅವನು ಕೇಳಿಕೊಂಡು ಬಂದ.
ತಡಿ, ಅಂದೆ.
ನನಗೆ ಮಾತು ತಡವಾಗಿ ಬರುತ್ತದೆ.
ಪೆನ್ಸಿಲ್ಲು ಕೆತ್ತುತ್ತಿದ್ದೇನೆ.