ಎರಡು ಬೆರಳು

ಈ ಜೀನು ಬೇರೆ ಯಾರದೋ ಸೊಂಟಕ್ಕೆ ಹೊಲಿದದ್ದು.
ಉದ್ದ ಕಾಲಿನ, ಅಗಲ ಬೆನ್ನಿನ ಗಂಡಸು ಇರಬೇಕು.
ಮಣಿಪಾಲದ ಮರ ಕಡಿಯುವ ಕಂಪೆನಿ ಬಾಗಿಲು ಹಾಕಿದಾಗ
ಎರಡು ಗರಗಸಗಳ ಜೊತೆ ನನ್ನ ಪಾಲಿಗೆ ಬಂತು.
ಜೀನು ಎಂದು ಕರೆಯುವವಳು ನಾನೊಬ್ಬಳೇ.
ಹರಿಣಾಕ್ಷನಿಗೆ ಅದು ಬೆಲ್ಟು.
ಅಪ್ಪನಿಗೆ ತೊಟ್ಟಿಲು.

ಮೊದಲ ದಿನ, ಕಡಿಯಾಳಿಯ ಹೆಬ್ಬಲಸಿನಲ್ಲಿ,
ತೊಡೆಯ ಪಟ್ಟಿ ಮೊಣಕಾಲಿಗೆ ಜಾರಿತು,
ಸೊಂಟದ್ದು ಪಕ್ಕೆಲುಬಿಗೆ ಏರಿತು.
ಎಡ ಬಳೆಯಿಂದ ಬಲ ಬಳೆಗೆ
ಹೊಕ್ಕುಳ ಮುಂದೆ ತೂಗುವ ಹಗ್ಗದ ಸೇತುವೆ
ನನಗೆ ಎಷ್ಟು ಉದ್ದವೆಂದರೆ
ಗೆಲ್ಲು ಕೈಗೆ ಸಿಗುವ ಮೊದಲೇ ಹಿಂದಕ್ಕೆ ವಾಲಿ
ಆಕಾಶಕ್ಕೆ ಗರಗಸ ಹಿಡಿದು ಮಲಗಿದ್ದೆ.
ಕೆಳಗಿಂದ ಹರಿಣಾಕ್ಷ:
"ಅಕ್ಕಾ, ಮೋಡ ಕಡೀಲಿಕ್ಕುಂಟಾ?"

ಕಿನ್ನಿಮೂಲ್ಕಿಯಲ್ಲಿ ಇದಿನಬ್ಬರ ಕುಶನ್ ಅಂಗಡಿ.
ರಿಕ್ಷಾ ಸೀಟು, ಬೈಕಿನ ಸೀಟು, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಜೀನನ್ನು ಮಗುಚಿ ಹಾಕಿ, ಕನ್ನಡಕ ಹಣೆಗೇರಿಸಿ
ತುಂಬ ಹೊತ್ತು ನೋಡಿದರು.
"ಭಾರ ಹೊರುವ ಹೊಲಿಗೆ ನಾನು ಮುಟ್ಟುವುದಿಲ್ಲ, ಆಯ್ತಾ?
ಅದು ಮಾಡಿದವನ ಲೆಕ್ಕ. ಮೆತ್ತೆ ಮಾತ್ರ ನನ್ನದು."
ಟೇಪು ನನ್ನ ಕೈಗೇ ಕೊಟ್ಟು ಬೀದಿ ಕಡೆ ತಿರುಗಿ ನಿಂತರು.
ನಾನು ಹೇಳಿದ ಅಂಕಿಗಳು ಗೋಡೆಯ ಮೇಲೆ ಬಿದ್ದವು,
ಯಾರದೋ ಸ್ಕೂಟರಿನ ಅಳತೆಯ ಕೆಳಗೆ.
ಸಿಸೇರಿಯನ್ನಿನ ಗೆರೆ ಇರುವಲ್ಲಿ ದಾರ ತಾಗಬಾರದು ಎಂದೆ.
ತಲೆಯಾಡಿಸಿದರು.
ಅಲ್ಲಿ ಮಾತ್ರ ಮೆತ್ತನೆ ರೆಕ್ಸಿನ್, ಒಳಮಡಿಕೆ, ಒಂದೂ ಗಂಟಿಲ್ಲ.

ಸೇತುವೆಗೆ ಮಲ್ಪೆಯ ದೋಣಿಹಗ್ಗ ಸಾಕು ಅಂದುಕೊಂಡಿದ್ದೆ.
ವಾಮನ ಕುಂದರ್ ಒಂದು ತುಂಡಿನ ಎಳೆ ಬಿಡಿಸಿ
ನನ್ನ ಅಂಗೈಗೆ ತಟ್ಟಿದರು. ಹೊಯ್ಗೆ.
"ಹೊರಗೆ ನೋಡಿದರೆ ಹೊಸತು.
ಎಳೆದಾಗಲೆಲ್ಲ ಒಳಗೊಳಗೇ ಕೊಯ್ತದೆ.
ದೋಣಿಗೆ ಕಟ್ಟಿದರೆ ದೋಣಿ ಹೋದೀತು, ಹುಡುಕಬಹುದು.
ನೀನು?"
ತಮ್ಮಲ್ಲಿಲ್ಲದ ಹಗ್ಗದ ಹೆಸರನ್ನು
ತಮ್ಮದೇ ಬಿಲ್ಲಿನ ಹಿಂದೆ ಬರೆದುಕೊಟ್ಟರು.

ಕಿತ್ತಳೆ ಬಣ್ಣದ ಹಗ್ಗ ಬಂತು, ಎರಡು ದಿನದ ದುಡಿಮೆ.
ಎಡ ಬಳೆಯಲ್ಲಿ ತುದಿ ಗಂಟು ಬಿದ್ದು ಕೂತಿತು.
ಬಲಕ್ಕೆ ಹಾಗಲ್ಲ: ಸಣ್ಣ ಹಗ್ಗದ ಐದು ಸುತ್ತು,
ಭಾರ ಬಿದ್ದರೆ ಕಚ್ಚುವ,
ಭಾರ ತೆಗೆದು ಹೆಬ್ಬೆರಳಲ್ಲಿ ತಳ್ಳಿದರೆ ಬಿಡುವ ಸುತ್ತು.
ಬಾಲಕ್ಕೆ ಇನ್ನೊಂದು ಗಂಟು, ನನ್ನ ಮರೆವಿಗೆ.

ಅಂಗಳದ ಹಲಸಿಗೆ, ನೆಲದಿಂದ ಒಂದಡಿ ಮೇಲೆ,
ಜೋತು ಪರೀಕ್ಷಿಸುತ್ತಿದ್ದೆ.
ಅಪ್ಪ ಬಂದ.
ಮೂವತ್ತೆಂಟು ವರ್ಷ ಕಾಲಿಗೊಂದು ತಳೆ, ಸೊಂಟಕ್ಕೊಂದು ಕತ್ತಿ,
ಕಳ್ಳು ಇಳಿಸಿದ ಅಪ್ಪ.
"ಇಳಿ," ಎಂದ. ತಾನೇ ಕೂತ.
ಲುಂಗಿಯ ಮೇಲೆಯೇ.
ಆಚೀಚೆ ತೂಗಿದ, ಕಾಲು ನೆಲ ತಾಗದಂತೆ ಮಡಚಿ.
ಹೇಳಿಕೊಡದೆ ಹೆಬ್ಬೆರಳು ಸುತ್ತನ್ನು ಹುಡುಕಿತು.
ಎರಡು ಬೆರಳಷ್ಟು ಬಿಗಿ ಮಾಡಿ, ಇಳಿದು,
"ಎದೆ ಮರಕ್ಕೆ ಹತ್ತಿರ ಇರಬೇಕು" ಎಂದು
ಹಟ್ಟಿಯ ಕಡೆ ಹೋದ.
ತೊಟ್ಟಿಲ ಮಾತು ಎತ್ತಲಿಲ್ಲ.

ಇವತ್ತು ಮತ್ತೆ ಅದೇ ಹೆಬ್ಬಲಸು.
ಶಾಲೆಯ ಹಂಚಿನ ಮೇಲೆ ಚಾಚಿದ ಗೆಲ್ಲು.
ಕಾಂಡಕ್ಕೆ ಆತು, ಅಪ್ಪನ ಎರಡು ಬೆರಳಿನ ಅಳತೆಯಲ್ಲಿ
ಹತ್ತು ಸಲ ಉಸಿರೆಳೆದೆ. ಆಗಲಿಲ್ಲ.
ಅವನ ಎದೆ ಹಲಗೆ. ನನ್ನದಲ್ಲ.
ಒಂದು ಬೆರಳು ಬಿಟ್ಟೆ. ಕಾಲು ಬೆರಳು ಹಿಂದಕ್ಕೆ ಎಳೆದೆ.
ಬಳೆ ಸೇತುವೆಯ ಮೇಲೆ ಬಲಕ್ಕೆ ಸರಿಯಿತು,
ಅದರೊಟ್ಟಿಗೆ ನಾನೂ,
ಪಾದ ತೊಗಟೆಯ ಮೇಲೆ, ಎರಡೂ ಕೈ ಖಾಲಿ,
ಗೆಲ್ಲಿನ ಬುಡ ನೇರ ಕಣ್ಣೆದುರು.

"ಅಕ್ಕಾ, ಮೋಡವಾ, ಗೆಲ್ಲಾ?"

ದೂರ ನಿಲ್ಲು ಮಾರಾಯ.