‘ಇತರೆ’ ಅನ್ನೂ ಖಾನೆ

ಶನಿವಾರದ ಕೊನೀ ಪಿರೇಡು. ಗುಳೇದಗುಡ್ಡದ
ಏಳನೇ ನಂಬರ ಸಾಲಿ. ಹಿಂದಿನ ಬೆಂಚಿನ್ಯಾಗ ನಾನು,
ಎಸ್‌ಡಿಎಂಸಿ ಮೆಂಬರು, ಶಂಕ್ರವ್ವ ಬರಗುಂಡಿ,
ಮಗ್ಗ ನಿಲ್ಲಿಸಿ ಬಂದಾಕಿ. ಸೆರಗಿಗೆ ಇನ್ನೂ ನೂಲಿನ ಎಳಿ.

ಒಂದು ವಾರ ಮಠದ ಅಯ್ನೋರು,
ಒಂದು ವಾರ ಬಸದಿ ಪಂಡಿತರು,
ಈ ವಾರ ಹಾಫೀಜ್ ಮಕ್ತುಮಸಾಬರು.
ಖುರ್ಚಿ ಒಂದೇ, ಅದರ ಒಂದು ಕಾಲು ಮೋಟ.
ಕೆಳಗಿಟ್ಟ ಇಟ್ಟಂಗಿ
ಮೂರೂ ಮಂದೀನ ಹೊತ್ತೈತಿ.

ಕೈಯಾಗಿನ ಫಾರ್ಮು ಕೇಳತೈತಿ:
ಯಾರನ್ನಾದರೂ ಹೀಗಳೆದರೇ? ಇಲ್ಲ.
ಸಮಯಕ್ಕೆ ಬಂದರೇ? ಹತ್ತು ನಿಮಿಷ ಮೊದಲು.
ಬೋಧನೆ ತೃಪ್ತಿಕರವೇ?
ಪೆನ್ನು ಅಲ್ಲೇ ನಿಂತಿತ್ತು,

ನಡುಸಾಲಿನಿಂದ ಭೀಮಶಿ ಎದ್ದ:
‘ಸರ್, ಮೊನ್ನೆ ನಮ್ಮ ಆಡು ಸತ್ತಿತ್ರಿ.
ಅದರ ಪಾಪ ಪುಣ್ಯದ ಲೆಕ್ಕ ಯಾರು ಬರೀತಾರ?’
ವರ್ಗೆಲ್ಲಾ ನಕ್ಕಿತು. ಹಾಫೀಜರು ನಗಲಿಲ್ಲ.
ಗಡ್ಡದಾಗ ಬೆರಳಾಡಿಸಿ, ಕಿಟಕಿ ಕಡೆ ನೋಡಿ,
‘ನನಗ ಗೊತ್ತಿಲ್ಲಪಾ,
ಕೇಳಿಕೊಂಡು ಬರತೀನಿ.’

ಎಳಿ ಹರದರ ನಾವೂ ನೇದು ಮುಚ್ಚಂಗಿಲ್ಲ.
ಲಾಳಿ ನಿಲ್ಲಿಸಿ ತುದಿ ಹುಡುಕತೀವಿ.
ಮುಚ್ಚಿದ್ದು ಖಣದ ಬೆನ್ನಾಗ ಕಾಣತೈತಿ.

‘ಇತರೆ’ ಅನ್ನೂ ಖಾನೆಯೊಳಗ ಬರದೆ:
ಗೊತ್ತಿಲ್ಲ ಅಂದ್ರು.
ಹೆಡ್‌ಮಾಸ್ತರು ಚಾಳೀಸು ಏರಿಸಿ,
‘ಇದು ತಪ್ಪೋ, ಮೆಚ್ಚೋ?’ ಅಂದರು.
ಹಂಗ ಇರ್ಲಿ ಬಿಡ್ರಿ ಸರ್, ಅಂದೆ.
ಜಾಗ ಸಣ್ಣದು, ಒತ್ತಿ ಒತ್ತಿ ಇನ್ನೊಂದು ಸಾಲು:
ಖುರ್ಚಿ ಬೇಕು. ಕಾಲು ನಾಕೂ ಇರೂದು.

ಗೇಟಿನ ಹತ್ರ ಭೀಮಶಿ ಕಾದು ನಿಂತಿದ್ದ, ಚೀಲ ತಲಿಮ್ಯಾಲೆ:
‘ಮುಂದಿನ ವಾರ ಅಯ್ನೋರ ಪಾಳಿ.
ಅವರ್ನೂ ಕೇಳ್ಲೇನ್ರಿ?’