ಹನ್ನೊಂದು ರೂಪಾಯಿಯ ತಾಮ್ರ

ಕಾರ್ಬುರೇಟರನ್ನು ಬಿಚ್ಚಿ ಬೆಂಚಿನ ಮೇಲಿಟ್ಟಾಗ
ಮೊಯ್ದು ಉಸ್ತಾದರು ಅದರ ಬಾಯಿಗೆ ಬಟ್ಟೆ ತುರುಕಿದರು,
ಧೂಳು ಹೋಗದ ಹಾಗೆ.
ಇನ್ನೆಲ್ಲಿಯ ಧೂಳು ಅದಕ್ಕೆ? ನಾನು ಕೇಳಲಿಲ್ಲ.

ಜಿಪ್ಸಿ, ದನದ ಡಾಕ್ಟರು ಚೋಂದಮ್ಮನವರದು.
ಬಿರುನಾಣಿಯ ಏರಿನಲ್ಲಿ ಮೂತಿ ಮೇಲೆತ್ತಿದರೆ ಸಾಕು,
ಬಟ್ಟಲು ತುಳುಕಿ, ಎಂಜಿನ್ನು ಬಿಕ್ಕಳಿಸಿ ನಿಲ್ಲುವುದು;
ಅಲ್ಲಿ ಯಾರದೋ ಕೊಟ್ಟಿಗೆಯಲ್ಲಿ
ಹಸುವೊಂದು ಅರ್ಧ ಈದು ಕಾಯುವುದು.
"ಇದಕ್ಕೂ ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎಂದು
ಕೀ ಎಸೆದು ಬಸ್ಸು ಹತ್ತಿದರು.

ಹಳೆಯ ಪೈಪಿಗೆ ಗೊತ್ತಿದ್ದದ್ದು ಮೂರು ಪೌಂಡಿನ ಒತ್ತಡ.
ಉಸ್ತಾದರು ಅದನ್ನು ಬಾಯಲ್ಲೇ ಎಳೆಯುವರು, ಉಗುಳುವರು,
ಪೆಟ್ರೋಲಿನ ರುಚಿಯ ಮೇಲೆಯೇ ಕಟ್ಟನ್ ಚಾಯ ಕುಡಿಯುವರು.
ಹೊಸದಕ್ಕೆ ಬೇಕು ನಲವತ್ತಮೂರು.
ಟ್ಯಾಂಕಿನೊಳಗೆ ಮುಳುಗಿ ಕೂತ ಪಂಪು,
ಚಾಸಿಯ ಪಕ್ಕೆಲುಬು ಹಿಡಿದು ಮುಂದಕ್ಕೆ ಬರುವ ಉಕ್ಕಿನ ಕೊಳವೆ,
ಉಂಡು ಮಿಕ್ಕದ್ದನ್ನು ಹಿಂದಕ್ಕೆ ಒಯ್ಯಲು ಇನ್ನೊಂದು.

"ಸ್ಕ್ರೂ ತಿರುಗಿಸುವ ಕ್ಲಿಪ್ಪು ಬೇಡ ಉಸ್ತಾದ್,
ಅದರ ಹಲ್ಲು ರಬ್ಬರನ್ನು ಕಚ್ಚುತ್ತದೆ."
"ಮೂವತ್ತು ವರ್ಷ ಕಚ್ಚಿದೆ. ಎಂತ ಆಯ್ತು?"
ಆಮೇಲೆ ತಾವೇ ಡಬ್ಬ ಸುರುವಿ ಹುಡುಕಿ
ಅಂಚು ಮಡಿಸಿದ ಕ್ಲಿಪ್ಪು ನಾಲ್ಕು, ಮಾತಿಲ್ಲದೆ ಕೊಟ್ಟರು.

ಕೊಳವೆಯ ತುದಿ ಅರಳಿಸಿದೆ. ಒಳಕ್ಕೆ ಮಡಿಸಿ ಇನ್ನೊಮ್ಮೆ ಅರಳಿಸಿದೆ.
ಚೆಂದ ಬಂತು, ಪುಟ್ಟ ಕಹಳೆಯಂತೆ.
ನಟ್ಟನ್ನು ಮೊದಲೇ ಪೋಣಿಸಲು ಮರೆತಿದ್ದೆ.
ಕತ್ತರಿಸಿ ಎಸೆದೆ, ಯಾರೂ ನೋಡಲಿಲ್ಲವೆಂದು.
ಉಸ್ತಾದರು ಕೆಮ್ಮಿದರು.

ಫಿಲ್ಟರಿನ ಬೋಲ್ಟಿಗೆ ಬರುವಾಗ ಸಂಜೆ ಏಳು.
ತಾಮ್ರದ ವಾಷರು ಎರಡು ಬೇಕು, ಹೊಸತಿದ್ದದ್ದು ಒಂದು.
ಹಳೆಯದೊಂದನ್ನು ಎಮರಿಗೆ ಉಜ್ಜಿದೆ, ಮಿಂಚಿತು.
ಮಿಂಚಿದ್ದನ್ನು ನಂಬಿದೆ.

ಸ್ಟಾರ್ಟು ಮಾಡದೆ ಕೀ ತಿರುಗಿಸಿದೆ.
ಹಿಂದಿನ ಸೀಟಿನ ಕೆಳಗೆಲ್ಲೋ
ಎರಡು ಸೆಕೆಂಡು, ಜುಯ್.
ಮತ್ತೆ, ಜುಯ್.
ಈಗ ಕೊಳವೆಗಳೆಲ್ಲ ಬಿಗಿದು ನಿಂತಿವೆ.
"ಮೂಸಿ ನೋಡಿ ಉಸ್ತಾದ್."

ಹೂಮಳೆ ಬಿದ್ದು ಎಂಟು ದಿನ. ಪೊನ್ನಂಪೇಟೆ ರಸ್ತೆಯುದ್ದಕ್ಕೂ
ಕಾಫಿ ಅರಳಿ, ಶೆಡ್ಡಿನ ತಗಡಿನೊಳಗೂ ಅದೇ ಘಮ.
ಗೋಣಿಕೊಪ್ಪ ಪೇಟೆ ದಾಟುವ ಲಾರಿಯ ಕ್ಲಚ್ಚು ಸುಟ್ಟದ್ದನ್ನು
ಕೂತಲ್ಲಿಂದಲೇ ಹೇಳಿದ ಮೂಗು
ಬೋನೆಟ್ಟಿನೊಳಗೆ ಬಗ್ಗಿ, ಎದ್ದು, ಮತ್ತೆ ಬಗ್ಗಿ—
"ಬರೀ ಹೂವು, ಮೋನೇ. ಬರೀ ಹೂವು."

ಬಿಲ್ಲಿನ ಪುಸ್ತಕದಿಂದ ಹಾಳೆ ಹರಿದು
ಒಂದೊಂದು ಸಂದಿಗೂ ಹಿಡಿದೆ. ಒಣ. ಒಣ.
ಮೂರನೆಯದರಲ್ಲಿ ಕಾಗದ ಸದ್ದಿಲ್ಲದೆ ತಿಳಿಯಾಯಿತು,
ಅದರಾಚೆ ನನ್ನದೇ ಹೆಬ್ಬೆರಳು ಕಂಡಿತು.
ಅಲ್ಲಿಂದ ಮ್ಯಾನಿಫೋಲ್ಡಿಗೆ ಎರಡು ಗೇಣು.

ಬ್ಯಾಟರಿ ಕಳಚಿ, ಬಟ್ಟೆ ಸುತ್ತಿ,
ಬೋಲ್ಟನ್ನು ಕಾಲು ಸುತ್ತು ಸಡಿಲಿಸಿದೆ. ಉಸ್ಸೆಂದಿತು.
ಅಂಗೈಯಲ್ಲಿ ಆ ಮಿಂಚಿದ ತಾಮ್ರ:
ಒಮ್ಮೆ ಅಮುಕಿಸಿಕೊಂಡದ್ದು ಗಡುಸಾಗಿ ಕೂತಿದೆ,
ಹೊಸ ಜಾಗಕ್ಕೆ ಒಗ್ಗಲಾರದು.
"ಹಳೇದು ಹಾಕಿದ್ದೆ" ಎಂದೆ.
ಬೈಯಲಿಲ್ಲ. ಸ್ಕೂಟರು ಒದ್ದರು,
ಎಳೆದ ಶಟರನ್ನು ಬಡಿದು ಎಬ್ಬಿಸಲು ಹೋದರು.
"ಹನ್ನೊಂದು ರೂಪಾಯಿ. ನಿನ್ನ ಲೆಕ್ಕಕ್ಕೆ."

ರಾತ್ರಿ ಹತ್ತಕ್ಕೆ ಹಾಳೆಗಳೆಲ್ಲ ಒಣಗಿಯೇ ಉಳಿದವು,
ಹರಡಿ ಇಟ್ಟೆವು ಬೆಂಚಿನ ಮೇಲೆ, ರಸೀದಿಗಳ ಹಾಗೆ.

ಬೆಳಿಗ್ಗೆ ಡಾಕ್ಟರು ಬಂದು ಕೀ ತಿರುಗಿಸಿದರು.
ಜುಯ್ ಅನ್ನುವುದಕ್ಕೆ ಕಾಯಬೇಕೆಂದು ನಾನು ಹೇಳುವ ಮೊದಲೇ
ಫೋನು ಬಂದು, ಜಿಪ್ಸಿ ಬಿರುನಾಣಿಯ ಕಡೆ ತಿರುಗಿತು.
ಏರು ಹತ್ತಿತೋ ಇಲ್ಲವೋ
ಸಂಜೆಯವರೆಗೆ ಸುದ್ದಿಯಿಲ್ಲ. ಅದೇ ಸುದ್ದಿ.

ಉಸ್ತಾದರು ಬೆಂಚಿನ ಬಳಿ ನಿಂತು
ಕಾರ್ಬುರೇಟರಿನ ಬಾಯಿಯ ಬಟ್ಟೆ ಎಳೆದು
ಮೂಗಿಗೆ ಹಿಡಿದರು, ಬಹಳ ಹೊತ್ತು.
ಮತ್ತೆ ಅಲ್ಲೇ ತುರುಕಿದರು.